ಕೌಂಟರ್‌ನಲ್ಲಿ 110 ಎಫ್‌ಪಿಎಸ್, ಆದ್ರೂ ಗೇಮ್ ಜರ್ಕ್ ಹೊಡೆಯುತ್ತೆ. ಯಾವ ಪಾರ್ಟ್ ಬದಲಿಸಲಿ?

ರಾತ್ರಿಗೇಮರ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಬಿ450 ಮದರ್‌ಬೋರ್ಡ್, 550 ವ್ಯಾಟ್ ಪವರ್ ಸಪ್ಲೈ. ಮಾನಿಟರ್ 1080ಪಿ, 144 ಹರ್ಟ್ಸ್. ಜಾಸ್ತಿ ಆಡುವುದು ಆನ್‌ಲೈನ್ ಶೂಟರ್, ಬಿಡುವಿದ್ದಾಗ ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳು. ಸ್ಕ್ರೀನ್ ಮೂಲೆಯಲ್ಲಿ 100, 110 ಅಂತ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರ, ಅಂದರೆ ಫ್ರೇಮ್‌ಗಳ ಲೆಕ್ಕ) ಚೆನ್ನಾಗೇ ತೋರಿಸುತ್ತದೆ. ಆದರೆ ಜನ ಸೇರಿರುವ ಕಡೆ ಮೌಸ್ ಜೋರಾಗಿ ತಿರುಗಿಸಿದರೆ ಚಿತ್ರ ಒಂದು ಕ್ಷಣ ಕಚ್ಚಿಕೊಂಡು ಆಮೇಲೆ ಜಿಗಿಯುತ್ತದೆ. ಸೆಟ್ಟಿಂಗ್ಸ್ ಎಲ್ಲಾ ಲೋ ಮಾಡಿದೆ, ಏನೂ ಬದಲಾಗಲಿಲ್ಲ. ಆರ್‌ಟಿಎಕ್ಸ್ 4070 ಕಾರ್ಡ್ ತಗೊಳ್ಳೋಣ ಅಂತಿದ್ದೇನೆ. ಅದೊಂದು ಹಾಕಿದರೆ ಸಾಕಾ, ಇಲ್ಲ ಪೂರ್ತಿ ಹೊಸ ಪಿಸಿನೇ ಕಟ್ಟಬೇಕಾ?

ಜಿಪಿಯುಭಕ್ತ:
ಸುಮ್ನೆ 4070 ತಗೋ ಗುರು. 1660 ಸೂಪರ್‌ನಲ್ಲಿ ಇರೋದೇ 6 ಜಿಬಿ ಮೆಮೊರಿ. ಈಗಿನ ಗೇಮ್‌ಗಳಿಗೆ ಅದು ಎಲ್ಲಿ ಸಾಲುತ್ತೆ?

ಫ್ರೇಮ್‌ಟೈಮ್:
ಸ್ವಲ್ಪ ತಡೀರಿ, ದುಡ್ಡು ಈಗಲೇ ಬಿಚ್ಚಬೇಡಿ. ಸೆಟ್ಟಿಂಗ್ಸ್ ಲೋ ಮಾಡಿದರೂ ಬದಲಾಗಲಿಲ್ಲ ಅಂದಿರಲ್ಲ, ಸುಳಿವು ಅಲ್ಲೇ ಇದೆ.

ಮೂಲೆಯ ಆ ನಂಬರ್ ಬರೀ ಸರಾಸರಿ. ಒಂದು ಸೆಕೆಂಡಿನಲ್ಲಿ 99 ಫ್ರೇಮ್‌ಗಳು ತಲಾ 9 ಮಿಲಿಸೆಕೆಂಡಿಗೆ ಬಂದವು, ಉಳಿದ ಒಂದೇ ಒಂದು ಫ್ರೇಮ್ 109 ಮಿಲಿಸೆಕೆಂಡ್ ತಗೊಂಡಿತು ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಆಗಲೂ 100 ಎಫ್‌ಪಿಎಸ್ಸೇ, ಕೌಂಟರ್ ಖುಷಿಯಾಗಿ 100 ಅಂತಲೇ ತೋರಿಸುತ್ತದೆ, ಆದರೆ ನಿಮ್ಮ ಕಣ್ಣಿಗೆ ಬೀಳುವುದು ಆ ಒಂದು ಫ್ರೇಮ್ ಮಾತ್ರ. 144 ಹರ್ಟ್ಸ್ ಮಾನಿಟರ್ ಪ್ರತಿ 6.9 ಮಿಲಿಸೆಕೆಂಡಿಗೆ ಹೊಸ ಚಿತ್ರ ಕೇಳುತ್ತದೆ. ಅದಕ್ಕೇ ನೋಡಬೇಕಾದ್ದು ಫ್ರೇಮ್‌ಟೈಮ್ (ಒಂದೊಂದು ಫ್ರೇಮ್ ಬರಲು ಹಿಡಿದ ಸಮಯ) ಗೆರೆ ಮತ್ತೆ ‘1% ಲೋ’. ಎಲ್ಲಕ್ಕಿಂತ ನಿಧಾನವಾಗಿ ಬಂದ ನೂರಕ್ಕೆ ಒಂದು ಪಾಲು ಫ್ರೇಮ್‌ಗಳು ಎಷ್ಟು ನಿಧಾನ ಅಂತ ಇದು ಹೇಳುತ್ತದೆ.

ಎಂಎಸ್‌ಐ ಆಫ್ಟರ್‌ಬರ್ನರ್, ಜೊತೆಗೆ ರಿವಾಟ್ಯೂನರ್ ಅನ್ನೋ ಅಳತೆ ಸಾಫ್ಟ್‌ವೇರ್ ಹಾಕಿಕೊಳ್ಳಿ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಫ್ರೇಮ್‌ಟೈಮ್ ಎರಡನ್ನೂ ಸ್ಕ್ರೀನ್ ಮೇಲೆ ಬರುವ ಹಾಗೆ ಮಾಡಿ. ಆಮೇಲೆ ಅದೇ ಜಾಗದಲ್ಲಿ ರೆಸಲ್ಯೂಷನ್ 720ಪಿಗೆ ಇಳಿಸಿ ನೋಡಿ. ಎಫ್‌ಪಿಎಸ್ ಜಿಗಿದರೆ ಕಾರ್ಡ್ ಸಾಲುತ್ತಿಲ್ಲ ಅಂತ ಅರ್ಥ. ಅಲ್ಲೇ ನಿಂತರೆ ಪ್ರೊಸೆಸರ್ ಸುಸ್ತಾಗಿದೆ. ಹಾಗೇ ರ‍್ಯಾಮ್ ಎಷ್ಟು ಸ್ಪೀಡಲ್ಲಿ ಓಡುತ್ತಿದೆ ಅಂತಲೂ ಹೇಳಿ. ಪ್ಯಾಕೆಟ್ ಮೇಲೆ 3200 ಅಂತಿದ್ದರೂ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಒಳಗಿನ ಸಾಫ್ಟ್‌ವೇರ್) ಎಕ್ಸ್‌ಎಂಪಿ, ಅಂದರೆ ಪ್ಯಾಕೆಟ್ ಮೇಲಿನ ಸ್ಪೀಡಿಗೆ ಓಡಿಸುವ ಆಯ್ಕೆ, ಆನ್ ಮಾಡದಿದ್ದರೆ ಎಷ್ಟೋ ಕಡೆ 2133 ಅಥವಾ 2666ರಲ್ಲೇ ಕೂತಿರುತ್ತದೆ.

ರಾತ್ರಿಗೇಮರ್:
ನೋಡಿದೆ ಸರ್. ರ‍್ಯಾಮ್ 3200ರಲ್ಲೇ ಇದೆ. ಖಾಲಿ ಮೈದಾನದಲ್ಲಿ ಜಿಪಿಯು ಬಳಕೆ ನೂರಕ್ಕೆ 95ರ ಮೇಲಿದೆ, ಗೆರೆ ನೇರವಾಗಿದೆ. ಪೇಟೆ ಒಳಗೆ ಹೋದ ತಕ್ಷಣ ಜಿಪಿಯು 60ಕ್ಕೆ ಇಳಿಯುತ್ತೆ, ಗೆರೆಯಲ್ಲಿ ಮುಳ್ಳು ಮುಳ್ಳು ಏಳುತ್ತೆ. ಜರ್ಕ್ ಬಂದಾಗಲೆಲ್ಲ ಒಂದು ಮುಳ್ಳು, ಸರಿಯಾಗಿ ತಾಳೆ ಆಗುತ್ತೆ. 720ಪಿಗೆ ಇಳಿಸಿದರೆ ಅಲ್ಲಿ ಒಂದೆರಡು ಎಫ್‌ಪಿಎಸ್ ಹೆಚ್ಚಾಯಿತು ಅಷ್ಟೇ.

ಫ್ರೇಮ್‌ಟೈಮ್:
ಹಾಗಾದರೆ ಈಗ 4070 ತಗೊಳ್ಳೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪೇಟೆಯಲ್ಲಿ ನಿಮ್ಮ ಈಗಿನ ಕಾರ್ಡೇ ಹತ್ತಿರ ಹತ್ತಿರ ಅರ್ಧ ಹೊತ್ತು ಖಾಲಿ ಕೂತಿದೆ. ಹೊಸದು ಬಂದರೆ ಅದು ಇನ್ನೂ ಜಾಸ್ತಿ ಖಾಲಿ ಕೂರುತ್ತದೆ.

ಕಾರಣ ಏನಂದರೆ, 3600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗೇ ಇರುವ ವೇಗದ ಮೆಮೊರಿ) ಇದ್ದರೂ ಅದು ಒಂದೇ ಕಡೆ ಇಲ್ಲ. ಮೂರು ಕೋರ್‌ಗೆ 16, ಇನ್ನು ಮೂರು ಕೋರ್‌ಗೆ 16 ಅಂತ ಪಾಲಾಗಿದೆ. ಜನ, ಗಾಡಿ, ನೆರಳು, ಫಿಸಿಕ್ಸ್ ಎಲ್ಲಾ ಒಟ್ಟಿಗೆ ಬಂದಾಗ ಬೇಕಾದ ಡೇಟಾ ಕ್ಯಾಶ್‌ನಲ್ಲಿ ಸಿಗುವುದಿಲ್ಲ, ಪದೇ ಪದೇ ರ‍್ಯಾಮ್‌ವರೆಗೆ ಹೋಗಿ ಬರಬೇಕು. ಅಷ್ಟು ಹೊತ್ತು ಕೋರ್ ಸುಮ್ಮನೆ ಕಾಯುತ್ತಿರುತ್ತದೆ. ಮುಂದಿನ ತಲೆಮಾರಿನ 5000 ಸರಣಿಯ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಎಂಟು ಕೋರ್‌ಗಳವರೆಗೆ ಒಂದೇ 32 ಎಂಬಿ ಹಂಚಿಕೊಳ್ಳುತ್ತವೆ. 2022ರಲ್ಲಿ ಬಂದ 5800ಎಕ್ಸ್3ಡಿಯಲ್ಲಿ ಅದರ ಮೇಲೆ ಇನ್ನೂ 64 ಎಂಬಿ ಪೇರಿಸಿ ಒಟ್ಟು 96 ಮಾಡಿದ್ದಾರೆ. ಸರಾಸರಿಗಿಂತ 1% ಲೋ ಮೇಲೆ ಇದರ ಪರಿಣಾಮ ಎದ್ದು ಕಾಣುತ್ತದೆ.

ನಿಮ್ಮ ಬಿ450 ಬೋರ್ಡ್‌ಗೇ ಅದು ಕೂರುತ್ತದೆ, ರ‍್ಯಾಮ್ ಕೂಡ ಅದೇ ನಡೆಯುತ್ತದೆ. 5800ಎಕ್ಸ್3ಡಿ ಸಿಗದಿದ್ದರೆ 5700ಎಕ್ಸ್3ಡಿ ಹುಡುಕಿ. ಕ್ಯಾಶ್ ಅಷ್ಟೇ ಇದೆ, ಕ್ಲಾಕ್ (ಚಿಪ್ ಓಡುವ ವೇಗ) ಸ್ವಲ್ಪ ಕಡಿಮೆ.

ಹಳೇಕ್ಯಾಬಿನೆಟ್:
ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಬೋರ್ಡ್‌ನ ಎಎಂ4 ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗ) ಇದಕ್ಕಿಂತ ಮುಂದೆ ದೊಡ್ಡ ದಾರಿ ಇಲ್ಲ ಅನ್ನೋದೂ ಗೊತ್ತಿರಲಿ. ಎಕ್ಸ್3ಡಿ ಒಳ್ಳೆ ರೇಟಿಗೆ ಸಿಗಲಿಲ್ಲ ಅಂದರೆ ಅದಕ್ಕೆ ದುಬಾರಿ ಕೊಟ್ಟು ಹಳೇ ಬೋರ್ಡ್‌ಗೆ ಅಂಟಿಕೊಳ್ಳುವ ಬದಲು ಹೊಸ ಸಾಕೆಟ್ ಎಎಂ5ಗೆ ಹೋಗೋದೇ ವಾಸಿ. ರೈಜನ್ 5 7600ದಿಂದ ಶುರು ಮಾಡಿ. ಆಮೇಲೆ ಯಾವಾಗಲಾದರೂ 7800ಎಕ್ಸ್3ಡಿ ಹಾಕಿಕೊಂಡರಾಯಿತು, ಬೋರ್ಡ್ ಬದಲಿಸೋ ಕೆಲಸ ಇಲ್ಲ.

ರ‍್ಯಾಮ್ ವಿಷಯ ಒಂದು ಮಾತು. ಎಎಂ5ಗೆ ಹೋದರೆ ಡಿಡಿಆರ್5 6000, ಸಿಎಲ್30 (ಡೇಟಾ ಕೊಡಲು ಹಿಡಿಯುವ ತಡದ ಅಳತೆ), 16 ಜಿಬಿಯ ಎರಡು ಸ್ಟಿಕ್ ತಗೊಳ್ಳಿ. ಈಗ ಎರಡು, ಮುಂದೆ ಇನ್ನೆರಡು ಅಂತ ಪ್ಲಾನ್ ಮಾಡಬೇಡಿ. ನಾಲ್ಕೂ ಸ್ಲಾಟ್ ತುಂಬಿದರೆ ಡಿಡಿಆರ್5 ಆ ಸ್ಪೀಡ್‌ನಲ್ಲಿ ನಿಲ್ಲುವುದು ಕಷ್ಟ, ಕೆಳಗಿಳಿಸಬೇಕಾಗುತ್ತದೆ. ಸ್ಟಿಕ್‌ಗಳನ್ನು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಅಕ್ಕಪಕ್ಕ ಹಾಕಿ ಸಿಂಗಲ್ ಚಾನೆಲ್‌ನಲ್ಲಿ, ಅಂದರೆ ಡೇಟಾಕ್ಕೆ ಎರಡರ ಬದಲು ಒಂದೇ ದಾರಿಯಲ್ಲಿ, ಓಡಿಸುವವರನ್ನು ಈಗಲೂ ನೋಡುತ್ತಿರುತ್ತೇನೆ.

ಜಿಪಿಯುಭಕ್ತ:
ಪ್ರೊಸೆಸರ್ ವಾದ ಒಪ್ಪಿದೆ. ಆದರೆ ಎಕ್ಸ್3ಡಿ ಹಾಕಿದ ಮೇಲೆ ಓಪನ್ ವರ್ಲ್ಡ್ ಗೇಮ್‌ನಲ್ಲಿ ಸೆಟ್ಟಿಂಗ್ಸ್ ಏರಿಸಿದರೆ ಆ 6 ಜಿಬಿ ತುಂಬಿ ಇನ್ನೊಂದು ಥರದ ಜರ್ಕ್ ಶುರುವಾಗುತ್ತೆ. ಕಾರ್ಡ್‌ನಲ್ಲಿ ಜಾಗ ಇಲ್ಲದೆ ಟೆಕ್ಸ್ಚರ್‌ಗಳು (ಗೇಮಿನ ಮೇಲ್ಮೈ ಚಿತ್ರಗಳು) ರ‍್ಯಾಮ್‌ನಿಂದ ಬರಬೇಕಾಗುತ್ತಲ್ಲ, ಅದು. ಹಾಗಾಗಿ ಎರಡನೇ ಸುತ್ತಿನಲ್ಲಿ ಕಾರ್ಡ್ ತಗೊಳ್ಳುವಾಗ 8 ಜಿಬಿಗೆ ನಿಲ್ಲಬೇಡ, 12 ಇರಲಿ. 4070ನಲ್ಲಿ ಅಷ್ಟಿದೆ. 200 ವ್ಯಾಟ್ ಕಾರ್ಡ್ ಅದು, ನಿನ್ನ 550 ವ್ಯಾಟ್ ಒಳ್ಳೇದಾಗಿದ್ದರೆ ತಡೆಯುತ್ತೆ. ಫ್ರೇಮ್ ಜನರೇಷನ್ ಕೂಡ ಸಿಗುತ್ತೆ, ಪ್ರೊಸೆಸರ್ ಸುಸ್ತಾದ ಕಡೆಯೂ ಎಫ್‌ಪಿಎಸ್ ಏರುತ್ತೆ.

ಫ್ರೇಮ್‌ಟೈಮ್:
ಫ್ರೇಮ್ ಜನರೇಷನ್ ಬಗ್ಗೆ ಮಾತ್ರ ಒಪ್ಪಲ್ಲ. ಅದು ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ತಾನೇ ಬಿಡಿಸಿ ತುಂಬುತ್ತದೆ. ಅದಕ್ಕಾಗಿ ಎರಡನೇ ಫ್ರೇಮ್ ಬರುವವರೆಗೆ ಕಾಯಬೇಕು, ಅಂದರೆ ಮೌಸ್‌ಗೂ ಚಿತ್ರಕ್ಕೂ ನಡುವೆ ತಡ ಹೆಚ್ಚುತ್ತದೆ. ನಿಜವಾದ ಫ್ರೇಮ್‌ಗಳೇ ಎಡವುತ್ತಿದ್ದರೆ ಅದರಿಂದ ಆ ಎಡವು ಹೋಗುವುದಿಲ್ಲ. ಆರಾಮಾಗಿ ಆಡುವ ಕಥೆ ಗೇಮ್‌ನಲ್ಲಿ 60ರ ಮೇಲಿದ್ದಾಗ ಹಾಕಿಕೊಳ್ಳಲಿ, ಬೇಡ ಅನ್ನಲ್ಲ. ಆನ್‌ಲೈನ್ ಶೂಟರ್‌ಗೆ ಖಂಡಿತ ಬೇಡ.

ಇನ್ನೊಂದು, ದುಡ್ಡಿಲ್ಲದ ಕೆಲಸ. ನಿಮ್ಮ ಮಾನಿಟರ್‌ನಲ್ಲಿ ಫ್ರೀಸಿಂಕ್ (ಫ್ರೇಮ್ ಬಂದಾಗಲೇ ಮಾನಿಟರ್ ಚಿತ್ರ ಬದಲಿಸುವ ಸೌಲಭ್ಯ) ಇದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ಆನ್ ಮಾಡಿ. 2019ರ ಜನವರಿಯಿಂದಲೇ ಎನ್‌ವಿಡಿಯಾ ಕಾರ್ಡ್‌ಗಳಲ್ಲೂ ಅದು ನಡೆಯುತ್ತದೆ. ಜೊತೆಗೆ ಎಫ್‌ಪಿಎಸ್‌ಗೆ 140ರ ಹತ್ತಿರ ಒಂದು ಮಿತಿ ಹಾಕಿ, ಇಲ್ಲದಿದ್ದರೆ 144 ದಾಟಿದ ಕೂಡಲೇ ಸಿಂಕ್ ಕೈಬಿಡುತ್ತದೆ. ದೊಡ್ಡ ಮುಳ್ಳುಗಳು ಇದರಿಂದ ಹೋಗಲ್ಲ, ಸಣ್ಣ ಏರಿಳಿತ ಮಾತ್ರ ಕಣ್ಣಿಗೆ ಬೀಳದ ಹಾಗೆ ಆಗುತ್ತದೆ.

ರಾತ್ರಿಗೇಮರ್:
ತುಂಬಾ ಥ್ಯಾಂಕ್ಸ್. ಒಂದು 5700ಎಕ್ಸ್3ಡಿ ಕಣ್ಣಿಗೆ ಬಿದ್ದಿದೆ, ರೇಟೂ ಪರವಾಗಿಲ್ಲ. ಕಾರ್ಡ್ ಆಮೇಲೆ ನೋಡ್ತೀನಿ. 3600 ಜೊತೆ ಬಂದ ಕೂಲರ್ ಅದಕ್ಕೆ ಸಾಕಾಗುತ್ತಾ? ಬಯೋಸ್ ಅಪ್‌ಡೇಟ್ ಚಿಪ್ ಹಾಕಿದ ಮೇಲಾ, ಮುಂಚೆನಾ?

ಹಳೇಕ್ಯಾಬಿನೆಟ್:
ಮುಂಚೆ! 3600 ಕೂತಿರುವಾಗಲೇ ಬೋರ್ಡ್ ಕಂಪನಿಯ ಸೈಟ್‌ನಿಂದ ಹೊಸ ಬಯೋಸ್ ಹಾಕಿಬಿಡಿ. ಹಳೇ ಬಯೋಸ್‌ಗೆ ಹೊಸ ಚಿಪ್ ಗುರುತು ಸಿಗದಿದ್ದರೆ ಸ್ಕ್ರೀನ್ ಬರೋದೇ ಇಲ್ಲ. ಅಪ್‌ಡೇಟ್ ಆದ ಮೇಲೆ ಎಕ್ಸ್‌ಎಂಪಿ ಮತ್ತೆ ಆಫ್ ಆಗಿರುತ್ತದೆ, ಮರೆಯದೆ ಆನ್ ಮಾಡಿ.

ಆ ಸಣ್ಣ ಕೂಲರ್ ಬೇಡ. ಎಕ್ಸ್3ಡಿಯಲ್ಲಿ ಮೇಲೆ ಕ್ಯಾಶ್ ಪೇರಿಸಿರುವುದರಿಂದ ಶಾಖ ಹೊರಗೆ ಬರುವುದು ನಿಧಾನ. ಇದರ ಬಾಕ್ಸ್‌ನಲ್ಲಿ ಕೂಲರ್ ಕೊಡೋದೂ ಇಲ್ಲ. ನಾಲ್ಕು ಹೀಟ್‌ಪೈಪ್, 120 ಎಂಎಂ ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ ಸಾಕು, ಕ್ಯಾಬಿನೆಟ್‌ನಲ್ಲಿ ಅಷ್ಟು ಎತ್ತರಕ್ಕೆ ಜಾಗ ಇದೆಯಾ ಅಂತ ಮೊದಲು ಅಳೆದುಕೊಳ್ಳಿ. ಹಳೇ ಕೂಲರ್ ಕೀಳುವ ಮುಂಚೆ ಗೇಮ್ ಆಡಿ ಬಿಸಿ ಮಾಡಿಕೊಳ್ಳಿ, ಆಮೇಲೆ ಶಟ್‌ಡೌನ್ ಮಾಡಿ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಎತ್ತಿ. ನೇರವಾಗಿ ಎಳೆದರೆ ಚಿಪ್‌ಗೂ ಕೂಲರ್‌ಗೂ ನಡುವಿನ ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಎಎಂ4ನಲ್ಲಿ ಪಿನ್‌ಗಳು ಇರುವುದು ಚಿಪ್‌ನಲ್ಲೇ, ಬಾಗಿಬಿಡಬಹುದು.