ಹೊಂಡದ ನೀರಿನ ಜೀವಿಗಳು: ಕಣ್ಣಿಗೆ ಚೆನ್ನಾಗಿ ಕಾಣುತ್ತವೆ, ಫೋಟೊದಲ್ಲಿ ಯಾಕೆ ಮಸುಕು?

ಹಸಿರುಹನಿ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಒಂದು ಒಳ್ಳೆ ಮೈಕ್ರೋಸ್ಕೋಪ್ ಕೊಂಡೆ. ಎರಡು ಕಣ್ಣಿಗೆ ಎರಡು ಐಪೀಸ್, ಮೇಲೆ ಕ್ಯಾಮೆರಾ ಕೂರಿಸಲು ಮೂರನೇ ಕೊಳವೆ. ಸ್ಲೈಡ್ ಕಡೆಗಿರುವ ಲೆನ್ಸ್‌ಗಳು, ಅಂದರೆ ಆಬ್ಜೆಕ್ಟಿವ್‌ಗಳು, 4, 10, 20, 40 ಎಕ್ಸ್ (ಅಷ್ಟು ಪಟ್ಟು ದೊಡ್ಡದು ಮಾಡುವವು) ಇವೆ. ಕಣ್ಣಿಟ್ಟು ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಫೋಟೊ ಮಾತ್ರ ಒಂದೂ ಸರಿ ಬರುತ್ತಿಲ್ಲ.

ನಿನ್ನೆ ಹೊಂಡದಿಂದ ಒಂದು ಬಾಟಲಿ ನೀರು ತಂದೆ. ಡ್ರಾಪರ್‌ನಿಂದ ಎರಡು ಹನಿ ಸ್ಲೈಡ್ ಮೇಲೆ ಬಿಟ್ಟು ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿದೆ. 10 ಎಕ್ಸ್‌ನಲ್ಲಿ ಪ್ಯಾರಾಮೀಸಿಯಂ ಎಂಬ ಒಂದು ಏಕಕೋಶ ಜೀವಿ ಸಿಕ್ಕಿತು. ಚಪ್ಪಲಿ ಆಕಾರ, ಮೈ ತಿರುಗಿಸುತ್ತಾ ಓಡುತ್ತಿತ್ತು. 40ಕ್ಕೆ ಬದಲಿಸಿದೆ. ನೂರಕ್ಕೂ ಜಾಸ್ತಿ ಫೋಟೊ ತೆಗೆದೆ, ಎಲ್ಲದರಲ್ಲೂ ಒಂದು ಬೂದು ಗೆರೆ ಅಷ್ಟೆ. ಮೈ ಸುತ್ತ ಇರುವ ಸಣ್ಣ ರೋಮಗಳು ಒಂದರಲ್ಲೂ ಬಂದಿಲ್ಲ. ಶಟರ್ 1/60 ಸೆಕೆಂಡ್, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 400 ಇಟ್ಟಿದ್ದೆ.

ಓಡುವ ಜೀವಿ ಮಸುಕಾದರೆ ಒಪ್ಪಿಕೊಳ್ಳಬಹುದು. ಆದರೆ ಸುಮ್ನೆ ಬಿದ್ದಿರುವ ಸ್ಪೈರೋಗೈರಾ ಪಾಚಿಯ ಎಳೆ ಕೂಡ 40ರಲ್ಲಿ ಮಂಜು ಮುಸುಕಿದ ಹಾಗೆ ಬಂದಿದೆ. 10ರಲ್ಲಿ ಅದೇ ಎಳೆ ಚೆನ್ನಾಗಿದೆ. 100 ಎಕ್ಸ್ ಆಯಿಲ್ ಲೆನ್ಸ್ ಕೊಂಡರೆ ಸರಿಹೋಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೊಳದಂಚು:

ಹೊಸ ಲೆನ್ಸ್ ಬೇಡ. ಎರಡು ಹನಿ ಅಂದಿರಲ್ಲ, ತೊಂದರೆ ಅಲ್ಲೇ ಇದೆ.

ಲೆಕ್ಕ ಹಾಕಿ ನೋಡೋಣ. ಡ್ರಾಪರ್‌ನ ಒಂದು ಹನಿ ಸುಮಾರು 50 ಮೈಕ್ರೋಲೀಟರ್, ಎರಡಕ್ಕೆ 100. ಕವರ್ ಸ್ಲಿಪ್ 22 ಮಿ.ಮೀ. ಚೌಕದ್ದಾದರೆ ಅದರಡಿ ನೀರು 0.2 ಮಿ.ಮೀ. ದಪ್ಪ ನಿಲ್ಲುತ್ತದೆ, ಅಂದರೆ 200 ಮೈಕ್ರಾನ್. ಸಾಮಾನ್ಯ 40 ಎಕ್ಸ್ ಲೆನ್ಸಿನ ಮೇಲೆ 0.65 ಎಂದು ಬರೆದಿರುತ್ತದೆ, ಅದು ಅದರ ಎನ್‌ಎ, ಅಂದರೆ ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ. ಅಂಥ ಲೆನ್ಸಿನಲ್ಲಿ ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವ ಪದರ ಒಂದೂವರೆ ಮೈಕ್ರಾನ್ ಇದ್ದರೆ ಹೆಚ್ಚು. 200ರಲ್ಲಿ ಒಂದೂವರೆ! ಮೀನು ಬಾವಿಯ ತಳದಿಂದ ಮೇಲಿನವರೆಗೂ ಈಜುತ್ತಿದೆ, ನಮಗೆ ಕಾಣುವುದು ಬೆರಳಗಲದ ನೀರು. ನೀವು ಫೋಕಸ್ ತಿರುಗಿಸುವಷ್ಟರಲ್ಲಿ ಅದು ಬೇರೆ ಕಡೆ ಹೋಗಿರುತ್ತದೆ.

ಅರ್ಧ ಹನಿ ಸಾಕು. ಆಗ ನೀರು 50 ಮೈಕ್ರಾನ್ ಹತ್ತಿರ ಬರುತ್ತದೆ. ಪ್ಯಾರಾಮೀಸಿಯಂ ಮೈ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಮೇಲೆ ಕೆಳಗೆ ಓಡಲು ಜಾಗವೇ ಇರುವುದಿಲ್ಲ. ಇನ್ನೂ ಜಾಸ್ತಿ ಅನಿಸಿದರೆ ಕವರ್ ಸ್ಲಿಪ್‌ನ ಒಂದು ಅಂಚಿಗೆ ನೀರು ಹೀರುವ ಒತ್ತು ಕಾಗದದ ಮೂಲೆ ತಾಗಿಸಿ. ಹೀಗೆ ಮಾಡುವಾಗ 10 ಎಕ್ಸ್‌ನಲ್ಲಿ ನೋಡುತ್ತಲೇ ಇರಿ. ಮೊದಲು ಎಲ್ಲವೂ ಕಾಗದದ ಕಡೆಗೆ ಹರಿಯುತ್ತವೆ. ಆಮೇಲೆ ಹರಿವು ನಿಲ್ಲುತ್ತದೆ. ಪ್ಯಾರಾಮೀಸಿಯಂ ನಿಧಾನವಾಗುತ್ತದೆ, ಪಾಚಿಯ ತುಣುಕಿಗೆ ತಾಗಿ ಹಿಂದೆ ಸರಿಯುತ್ತದೆ, ಮತ್ತೆ ಮುಂದೆ ಬರುತ್ತದೆ. ಕೊನೆಗೆ ಒಂದೇ ಕಡೆ ನಿಂತು ರೋಮ ಮಾತ್ರ ಬೀಸುತ್ತಿರುತ್ತದೆ. ಕಾಗದ ತೆಗೆಯುವ ಹೊತ್ತು ಅದು. ಇನ್ನೊಂದು ಚೂರು ಎಳೆದರೂ ಜೀವಿ ಅಪ್ಪಚ್ಚಿಯಾಗಿ ಒಡೆದು ಹೋಗುತ್ತದೆ. ನನಗೆ ಅದನ್ನು ನೋಡಲು ಆಗುವುದಿಲ್ಲ. ಹಾಗಾಗಿ ಕವರ್ ಸ್ಲಿಪ್‌ನ ನಾಲ್ಕು ಮೂಲೆಗೆ ಸಾಸಿವೆ ಕಾಳಿನಷ್ಟು ವ್ಯಾಸಲೀನ್ ಹಚ್ಚಿ ಇಡುತ್ತೇನೆ. ಮೂಲೆಗಳನ್ನು ಸೂಜಿಯ ಹಿಂಬದಿಯಿಂದ ಮೆಲ್ಲಗೆ ಒತ್ತಿದರೆ ಬೇಕಾದಷ್ಟೇ ಕೆಳಗೆ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ.

ಇನ್ನು ನಿಮ್ಮ ಸ್ಪೈರೋಗೈರಾ. ಅದು ಓಡದಿದ್ದರೂ ಮಂಜಾಗಲು ಎರಡು ಕಾರಣ ಇರಬಹುದು. ಆಬ್ಜೆಕ್ಟಿವ್ ಮೇಲೆ 0.17 ಎಂದು ಇನ್ನೊಂದು ಅಂಕಿ ಇದೆ ನೋಡಿ. ಅಷ್ಟು ಮಿಲಿಮೀಟರ್ ದಪ್ಪದ ಕವರ್ ಸ್ಲಿಪ್ ಗಾಜಿನ ಮೂಲಕ ನೋಡಲು ಆ ಲೆನ್ಸ್ ಮಾಡಿದ್ದಾರೆ. ನಿಮ್ಮ ಎಳೆ ಸ್ಲೈಡಿನ ತಳಕ್ಕೆ ಇಳಿದಿದ್ದರೆ ಗಾಜಿನ ಜೊತೆಗೆ 200 ಮೈಕ್ರಾನ್ ನೀರು ಬೇರೆ ನಡುವೆ ಬಂತು. 10 ಎಕ್ಸ್ ಇದನ್ನು ಸಹಿಸಿಕೊಳ್ಳುತ್ತದೆ, 40 ಸಹಿಸುವುದಿಲ್ಲ.

ಎರಡನೇ ಕಾರಣದ ಮೇಲೆ ನನಗೆ ಜಾಸ್ತಿ ಅನುಮಾನ. ನೀರು ಹೆಚ್ಚಾದರೆ ಕವರ್ ಸ್ಲಿಪ್ ಅಂಚಿನಿಂದ ಮೇಲೆ ಹತ್ತುತ್ತದೆ. 40 ಎಕ್ಸ್ ಗಾಜಿಗೆ ತೀರಾ ಹತ್ತಿರ ಬರುವುದರಿಂದ ಅದರ ಮೂತಿ ಒದ್ದೆಯಾಗುತ್ತದೆ. ನೀರು ಒಣಗಿ ಕಲೆ ಉಳಿಯುತ್ತದೆ. ಒಂದು ಐಪೀಸ್ ಹೊರಗೆ ತೆಗೆದು ತಲೆಕೆಳಗು ಹಿಡಿಯಿರಿ. ಅದು ಒಳ್ಳೆ ಭೂತಗನ್ನಡಿ. ಅದರಲ್ಲಿ 40ರ ಮುಂದಿನ ಗಾಜನ್ನು ನೋಡಿ. ಕಲೆ ಇದ್ದರೆ ಲೆನ್ಸ್ ಕಾಗದವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ, ಒತ್ತದೆ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಲೇಬೇಡಿ, ಹೊಂಡದ ನೀರಿನಲ್ಲಿ ಮರಳಿನ ಪುಡಿ ಇರುತ್ತದೆ. ನಾನು ಹೀಗೆ ಉಜ್ಜಿ ಒಂದು ಲೆನ್ಸ್ ಕಳೆದುಕೊಂಡೆ, ಇವತ್ತಿಗೂ ಬೇಜಾರಿದೆ.

100 ಎಕ್ಸ್ ಬಗ್ಗೆ: ಅದಕ್ಕೆ ಎಣ್ಣೆ ಹಾಕಬೇಕು. ಸ್ಲೈಡ್ ಸರಿಸಿದಾಗ ಎಣ್ಣೆ ಕವರ್ ಸ್ಲಿಪ್ಪನ್ನೇ ಎಳೆಯುತ್ತದೆ, ಅಡಿಯ ನೀರೆಲ್ಲ ಅಲುಗಾಡುತ್ತದೆ. ಡಯಾಟಮ್ ಎಂಬ ಸಣ್ಣ ಪಾಚಿಯ ಗಾಜಿನಂಥ ಚಿಪ್ಪಿನ ಗೆರೆಗಳನ್ನು ತೆಗೆಯಲು ಇಟ್ಟುಕೊಳ್ಳಿ. ಓಡಾಡುವ ಜೀವಿಗೆ 20 ಎಕ್ಸ್‌ನಂಥದ್ದು ಬೇರೆ ಇಲ್ಲ, ಅದು ನಿಮ್ಮ ಹತ್ತಿರ ಆಗಲೇ ಇದೆ.

ಮಂದಬೆಳಕು:

ಮೇಲಿನವರು ನೀರಿನ ವಿಷಯ ಪೂರ್ತಿ ಹೇಳಿದ್ದಾರೆ, ನಾನು ಬೆಳಕು ಮತ್ತು ಶಟರ್ ಬಗ್ಗೆ ಮಾತ್ರ ಹೇಳುತ್ತೇನೆ. ಪ್ಯಾರಾಮೀಸಿಯಂ ಸೆಕೆಂಡಿಗೆ ಸುಮಾರು 1 ಮಿ.ಮೀ. ಈಜುತ್ತದೆ. 1/60 ಶಟರ್ ತೆರೆದು ಮುಚ್ಚುವಷ್ಟರಲ್ಲಿ 16-17 ಮೈಕ್ರಾನ್ ಮುಂದೆ ಹೋಗಿರುತ್ತದೆ. ಅದರ ರೋಮದ ಉದ್ದವೇ 10 ಮೈಕ್ರಾನ್ ಆಸುಪಾಸು. ಹೇಗೆ ಕಾಣಬೇಕು? 1/1000 ಇಟ್ಟರೆ 1 ಮೈಕ್ರಾನ್‌ಗೆ ಇಳಿಯುತ್ತದೆ. ಬೆಳಕು ಸಾಲದಿದ್ದರೆ ಐಎಸ್‌ಒ 1600ಕ್ಕೆ ಏರಿಸಲು ಹೆದರಬೇಡಿ. ಕಾಳುಕಾಳಾಗಿ ಬಂದ ಫೋಟೊವನ್ನು ಸರಿಮಾಡಬಹುದು, ಅಲುಗಿದ ಫೋಟೊವನ್ನು ಆಗುವುದಿಲ್ಲ. ಎಲ್‌ಇಡಿ ಬೆಳಕನ್ನು ಪೂರ್ತಿ ಏರಿಸಿ. ಕಡಿಮೆ ಇಟ್ಟರೆ ಕೆಲವು ಎಲ್‌ಇಡಿಗಳು ಮಿಣುಕುತ್ತವೆ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಅಡ್ಡಪಟ್ಟಿ ಬರುತ್ತದೆ.

ಸ್ಲೈಡಿನ ಅಡಿಯಲ್ಲಿ ಬೆಳಕು ಕೂಡಿಸುವ ಲೆನ್ಸ್ ಇದೆಯಲ್ಲ, ಕಂಡೆನ್ಸರ್, ಅದರ ಡಯಾಫ್ರಮ್ (ತೆರೆದು ಮುಚ್ಚುವ ಕಿಂಡಿ) ತೀರಾ ಮುಚ್ಚಿದ್ದೀರಾ ನೋಡಿ. ಮುಚ್ಚಿದರೆ ಕಣ್ಣಿಗೆ ಗೆರೆಗಳು ಗಾಢವಾಗಿ ಕಂಡು ಚೆನ್ನಾಗಿದೆ ಅನಿಸುತ್ತದೆ, ಆದರೆ ಸಣ್ಣ ವಿವರ ಹೋಗಿಬಿಡುತ್ತದೆ. ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿದರೆ ಒಂದು ಬೆಳಕಿನ ವೃತ್ತ ಕಾಣುತ್ತದೆ. ಅದರ ಮುಕ್ಕಾಲು ಭಾಗ ತೆರೆದಿರಲಿ.

10 ಎಕ್ಸ್‌ನಲ್ಲಿ ಒಂದು ಸಲ ಇದನ್ನು ಮಾಡಿ: ಕಪ್ಪು ಕಾಗದವನ್ನು ದುಂಡಗೆ ಕತ್ತರಿಸಿ ಕಂಡೆನ್ಸರ್ ಅಡಿಯ ಫಿಲ್ಟರ್ ಜಾಗದಲ್ಲಿ ನಡುಮಧ್ಯಕ್ಕೆ ಇಡಿ, ಡಯಾಫ್ರಮ್ ಪೂರ್ತಿ ತೆರೆಯಿರಿ. ನೇರ ಬೆಳಕು ನಿಂತು ಪಕ್ಕದ ಬೆಳಕು ಮಾತ್ರ ಬರುತ್ತದೆ. ಹಿನ್ನೆಲೆ ಕಪ್ಪಾಗಿ ವಾಲ್ವಾಕ್ಸ್ ಎಂಬ ದುಂಡು ಪಾಚಿ ಹಸಿರು ದೀಪದ ಹಾಗೆ ತೇಲುತ್ತದೆ. ಕಾಗದದ ಅಳತೆ ಎರಡು ಮೂರು ಸಲ ಬದಲಿಸಿ ನೋಡಬೇಕಾಗುತ್ತದೆ.

ಹಸಿರುಹನಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಐಪೀಸ್ ತಿರುಗಿಸಿ ನೋಡಿದೆ. 40ರ ಗಾಜಿನ ಮೇಲೆ ಉಂಗುರದ ಹಾಗೆ ಬಿಳಿ ಕಲೆ! ಎರಡು ತಿಂಗಳಿಂದ ಅದರ ಮೂಲಕವೇ ನೋಡುತ್ತಿದ್ದೆ. ಒರೆಸಿದ ಮೇಲೆ ಸ್ಪೈರೋಗೈರಾದ ಹಸಿರು ಸುರುಳಿಯ ಅಂಚು ಕೂಡ ಗರಿಗರಿಯಾಗಿ ಬಂತು.

ಅರ್ಧ ಹನಿಯಲ್ಲಿ ಒಂದು ವಾರ್ಟಿಸೆಲ್ಲಾ ಸಿಕ್ಕಿತು. ತೊಟ್ಟಿನ ಮೇಲೆ ಗಂಟೆ ಇಟ್ಟ ಹಾಗಿದೆ. ಆದರೆ ಶಟರ್ ಒತ್ತಿದಾಗಲೆಲ್ಲ ಮುದುಡಿಕೊಳ್ಳುತ್ತದೆ. ಏನು ಮಾಡಲಿ?

ನೀರಂಚಿನವಳು:

ನಿಮ್ಮ ಕೈಯ ಅಲುಗಾಟ ಅದಕ್ಕೆ ತಿಳಿಯುತ್ತಿದೆ. ಅದರ ತೊಟ್ಟು ಕೆಲವೇ ಮಿಲಿಸೆಕೆಂಡಿನಲ್ಲಿ ಸ್ಪ್ರಿಂಗ್‌ನಂತೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುವುದು ಮಾತ್ರ ನಿಧಾನ. ಮೊದಮೊದಲು ಸೂಕ್ಷ್ಮಜೀವಿಗಳನ್ನು ಕಂಡ ಲೇವೆನ್‌ಹುಕ್ 1676ರ ಪತ್ರದಲ್ಲೇ ಈ ಬಾಲ ಸುತ್ತಿಕೊಳ್ಳುವುದನ್ನು ಬರೆದಿದ್ದಾನೆ, ಅದೂ ಒಂದೇ ಒಂದು ಪುಟ್ಟ ಲೆನ್ಸಿನಲ್ಲಿ ನೋಡಿ. ರಿಮೋಟ್ ಅಥವಾ ಸೆಲ್ಫ್ ಟೈಮರ್ ಬಳಸಿ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಅದನ್ನೇ ಇಡಿ. ಮೇಜಿಗೆ ಮೊಣಕೈ ಊರಬೇಡಿ. ಬಾಯಿ ಅರಳಿ, ಸುತ್ತಲಿನ ರೋಮಗಳು ಸುಳಿ ಎಬ್ಬಿಸಿ ಕಣಗಳನ್ನು ಒಳಗೆ ಎಳೆಯುವುದು ಕಂಡಾಗ ಒತ್ತಿ.

ಬಾಟಲಿಯಲ್ಲಿ ಬರೀ ನೀರು ತರುವವರಿಗೆ ಓಡುವ ಜೀವಿಗಳೇ ಜಾಸ್ತಿ ಸಿಗುತ್ತವೆ. ಕೂತು ಬದುಕುವವು ಬೇಕಿದ್ದರೆ ಒಂದು ತೊಳೆದ ಸ್ಲೈಡಿಗೆ ದಾರ ಕಟ್ಟಿ ಹೊಂಡದಲ್ಲಿ ಇಳಿಬಿಡಿ. ಒಂದು ವಾರ ಬಿಟ್ಟು ತೆಗೆಯಿರಿ. ಡಯಾಟಮ್, ವಾರ್ಟಿಸೆಲ್ಲಾ, ರೋಟಿಫರ್ ಎಂಬ ಕೆಲವು ಸಣ್ಣ ಪ್ರಾಣಿಗಳು ಗಾಜಿನ ಮೇಲೆಯೇ ಮನೆ ಮಾಡಿಕೊಂಡಿರುತ್ತವೆ. ಒಂದು ಬದಿ ಒರೆಸಿ, ಇನ್ನೊಂದು ಬದಿಗೆ ಕವರ್ ಸ್ಲಿಪ್ ಮುಚ್ಚಿ ನೋಡಿ. ನೋಡಿ ಆದ ಮೇಲೆ ಅದೇ ಹೊಂಡಕ್ಕೆ ಬಿಟ್ಟುಬಿಡಿ.

ಹಸಿರುಹನಿ:

ಇವತ್ತು 20 ಎಕ್ಸ್, 1/1000ದಲ್ಲಿ ಪ್ಯಾರಾಮೀಸಿಯಂ ಬಂತು! ಅಂಚಿನ ರೋಮ ಕಾಣುತ್ತಿದೆ. ಮೈಯ ಎರಡು ತುದಿಯ ಹತ್ತಿರ ಒಂದೊಂದು ನಕ್ಷತ್ರ ಇದೆ. ಒಳಗೆ ಸೇರಿದ ನೀರನ್ನು ಹೊರಗೆ ಹಾಕುವ ಗುಳ್ಳೆಗಳು ಅವೇ ಅಲ್ವಾ? ಒಂದು ಫೋಟೊದಲ್ಲಿ ಮುಂದಿನದು ತುಂಬಿ ದುಂಡಗಿದೆ, ಆಮೇಲಿನ ಫೋಟೊದಲ್ಲಿ ಅದು ಖಾಲಿ, ಹಿಂದಿನದು ತುಂಬುತ್ತಿದೆ. ಸಂಜೆ ಹೋಗಿ ಹೊಂಡದಲ್ಲಿ ಮೂರು ಸ್ಲೈಡ್ ಕಟ್ಟಿ ಬಂದೆ. ಮುಂದಿನ ವಾರ ತೆಗೆದು ಫೋಟೊ ಇಲ್ಲೇ ಹಾಕುತ್ತೇನೆ.