ಟ್ಯೂಬಾ ಕ್ರಿಸ್‌ಮಸ್‌ನಲ್ಲಿ ಮೊದಲ ಸಲ ನುಡಿಸುವವರಿಗೆ ಏನು ತಿಳಿದಿರಬೇಕು?

ಪ್ರಶ್ನೆ: ಕಾಲೇಜಿನ ನಂತರ ಮೂಲೆ ಸೇರಿದ್ದ ಯುಫೋನಿಯಂ (ಟ್ಯೂಬಾಗಿಂತ ಚಿಕ್ಕದಾದ, ಅದೇ ಬಗೆಯ ಹಿತ್ತಾಳೆಯ ಊದುವಾದ್ಯ) ಅನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಡಿಸೆಂಬರ್‌ನಲ್ಲಿ ಇಲ್ಲಿ ಅಮೆರಿಕದಲ್ಲಿ ನಡೆಯುವ ಟ್ಯೂಬಾ ಕ್ರಿಸ್‌ಮಸ್‌ನಲ್ಲಿ, ಅಂದರೆ ಟ್ಯೂಬಾ, ಯುಫೋನಿಯಂನಂಥ ಮಂದ್ರಸ್ವರದ ವಾದ್ಯಗಳೇ ಸೇರಿ ಕ್ರಿಸ್‌ಮಸ್ ಹಾಡುಗಳನ್ನು ನುಡಿಸುವ ಕಛೇರಿಯಲ್ಲಿ, ನುಡಿಸುವ ಆಸೆ. ಆಯ್ಕೆ ಪರೀಕ್ಷೆ ಇರುತ್ತದೆಯೇ? ಬಯಲಿನ ಚಳಿಯಲ್ಲಿ ವಾದ್ಯ ಕೈಕೊಡುವುದಿಲ್ಲವೇ?

ಉತ್ತರ 1: ಪರೀಕ್ಷೆ ಇಲ್ಲ. ಅಂದೇ ಹೆಸರು ನೋಂದಾಯಿಸಿ, ಒಂದು ತಾಲೀಮು ಮುಗಿಸಿ ನುಡಿಸುವುದು. ಟ್ಯೂಬಾ ವಾದಕ ಹಾರ್ವೆ ಫಿಲಿಪ್ಸ್ 1974ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ ಇದನ್ನು ಆರಂಭಿಸಿದ್ದು ತಮ್ಮ ಗುರು ವಿಲಿಯಂ ಬೆಲ್ ಅವರ ಗೌರವಾರ್ಥ. ಬೆಲ್ ಹುಟ್ಟಿದ್ದು 1902ರ ಕ್ರಿಸ್‌ಮಸ್ ದಿನ. ಶಿಷ್ಯನೊಬ್ಬ ಸಲ್ಲಿಸಿದ ಇಂಥ ಗುರುಕಾಣಿಕೆ ನನಗೆ ಬೇರೆ ಗೊತ್ತಿಲ್ಲ.

ಚಳಿಯ ವಿಷಯಕ್ಕೆ ಬಂದರೆ, ಕೊಳವೆಯೊಳಗಿನ ಗಾಳಿ ತಣ್ಣಗಾದಂತೆ ಶ್ರುತಿ ಇಳಿಯುತ್ತದೆ. ಟ್ಯೂನಿಂಗ್ ಸ್ಲೈಡನ್ನು (ಶ್ರುತಿ ಹೊಂದಿಸಲು ಸರಿಸುವ ಕೊಳವೆ) ಸ್ವಲ್ಪ ಒಳಗೆ ತಳ್ಳಿ. ವಿರಾಮದಲ್ಲಿ ಸುಮ್ಮನೆ ಬೆಚ್ಚನೆಯ ಉಸಿರು ಊದುತ್ತಿರಿ. ತುಟಿಗೆ ಹಿಡಿಯುವ ಮೌತ್‌ಪೀಸ್ ಕೋಟಿನ ಒಳಜೇಬಿನಲ್ಲಿರಲಿ, ಇಲ್ಲದಿದ್ದರೆ ತುಟಿ ಮರಗಟ್ಟುತ್ತದೆ. ಸ್ವರ ಬದಲಿಸಲು ಒತ್ತುವ ವಾಲ್ವ್‌ಗಳಿಗೆ ತೆಳುವಾದ ಎಣ್ಣೆ ಹಾಕಿ, ಉಸಿರಿನಿಂದ ಒಳಗೆ ಸೇರಿದ ನೀರನ್ನು ಆಗಾಗ ಹೊರಹಾಕಿ. ಹೆಪ್ಪುಗಟ್ಟಿದರೆ ವಾಲ್ವ್ ಅಲುಗುವುದೇ ಇಲ್ಲ.

ಉತ್ತರ 2: ಸ್ವರಲಿಪಿಯ ಹಾಳೆಗಳನ್ನು ಸಿಕ್ಕಿಸಲು ಕ್ಲಿಪ್‌ಗಳನ್ನು ಮರೆಯಬೇಡಿ, ಇಲ್ಲದಿದ್ದರೆ ಗಾಳಿಗೆ ಹಾರಿಹೋಗುತ್ತವೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ನನಗೆ ಟ್ರೆಬಲ್ ಕ್ಲೆಫ್ (ಸಾಮಾನ್ಯವಾಗಿ ಎತ್ತರದ ಸ್ವರಗಳಿಗೆ ಬಳಸುವ ಬರವಣಿಗೆ) ಮಾತ್ರ ಓದಲು ಬರುತ್ತದೆ. ತೊಂದರೆಯೇ?

ಉತ್ತರ 1: ಇಲ್ಲ, ಟ್ರೆಬಲ್ ಕ್ಲೆಫ್‌ನ ಪುಸ್ತಕವೂ ಇದೆ. ಟ್ಯೂಬಾಗಳ ಪಕ್ಕದಲ್ಲೇ ನಿಲ್ಲಿ. ಸದಾ ಹಿಂದಿನ ಸಾಲಿನಲ್ಲಿ ಆಧಾರಸ್ವರ ಹಿಡಿಯುವ ವಾದ್ಯಗಳೇ ಇಲ್ಲಿ ಇಡೀ ಹಾಡನ್ನು ಹೊರುತ್ತವೆ, ಅದು ಎದೆಗೂಡಿನಲ್ಲೇ ಮೊಳಗುತ್ತದೆ. ಖಂಡಿತ ಹೋಗಿ.