ನಮ್ಮ ಕ್ಲಾಸಿನ ವಿದೇಶಿ ಸ್ನೇಹಿತರು ಒಂದು ವರ್ಷವಾದರೂ ಒಂಟಿಯಾಗೇ ಇದ್ದಾರೆ, ಏನು ಮಾಡಬಹುದು?

ಪಾಂಡವಪುರದವನು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಂ.ಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಊರು ಪಾಂಡವಪುರದ ಹತ್ತಿರ ಒಂದು ಹಳ್ಳಿ, ಇರುವುದು ಹಾಸ್ಟೆಲಿನಲ್ಲಿ.

ನಮ್ಮ ಜೊತೆಗೆ ಹೊರದೇಶದ ಮೂವರು ಸೇರಿದ್ದಾರೆ. ತಾಂಜಾನಿಯಾದ ಒಬ್ಬ ಹುಡುಗ, ಇಥಿಯೋಪಿಯಾದ ಒಬ್ಬ ಹುಡುಗಿ, ಯೆಮನ್‌ನ ಒಬ್ಬರು. ಯೆಮನ್‌ನವರು ನಮಗಿಂತ ದೊಡ್ಡವರು, ಮದುವೆಯಾಗಿ ಮಕ್ಕಳಿದ್ದಾರೆ. ವರ್ಷವೇ ಆಯಿತು, ಇವರು ಕ್ಲಾಸಿಗೆ ಬರುತ್ತಾರೆ, ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ಎದ್ದು ರೂಮಿಗೆ ಹೋಗುತ್ತಾರೆ. ಕ್ಯಾಂಟೀನಿನಲ್ಲಿ ಅವರು ಬೇರೆ ಟೇಬಲ್, ನಾವು ಬೇರೆ ಟೇಬಲ್. ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ. ಆದರೆ ಯಾರೂ ಹತ್ತಿರವೂ ಆಗಿಲ್ಲ.

ಹೋದ ವಾರ ಒಂದು ಘಟನೆ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಬುಧವಾರದ ಲ್ಯಾಬ್ ಶನಿವಾರಕ್ಕೆ ಹೋಯಿತು. ಯಾರೋ ವಾಟ್ಸಾಪ್ ಗ್ರೂಪಿನಲ್ಲಿ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಾಕಿದರು, ನಾವೆಲ್ಲ ಸರಿ ಅಂದೆವು, ಅಲ್ಲಿಗೆ ಮುಗಿಯಿತು. ಬುಧವಾರ ಹತ್ತೂವರೆಗೆ ನಾನು ಲೈಬ್ರರಿಗೆ ಅಂತ ಹೋದರೆ, ಬೀಗ ಹಾಕಿದ ಲ್ಯಾಬ್ ಮುಂದಿನ ಮೆಟ್ಟಿಲ ಮೇಲೆ ಆ ಇಥಿಯೋಪಿಯಾದ ಹುಡುಗಿ ಕೂತಿದ್ದಳು. ಬಿಳಿ ಕೋಟನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ರೆಕಾರ್ಡ್ ಬುಕ್ ಇಟ್ಟುಕೊಂಡು. ಒಂಬತ್ತು ಗಂಟೆಯಿಂದ ಅಲ್ಲೇ ಇದ್ದಳಂತೆ. ಲ್ಯಾಬ್ ಇಲ್ಲ ಅಂದೆ. "ಓ, ನನಗೆ ಯಾರೂ ಹೇಳಲಿಲ್ಲ" ಅಂತ ಮೆಲ್ಲಗೆ ಹೇಳಿ, ಕೋಟನ್ನು ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು. ಕೋಪ ಮಾಡಿಕೊಂಡಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ವರ್ಷಕ್ಕೊಂದು ಸಲ ಅವರವರ ದೇಶದ ಬಟ್ಟೆ ಹಾಕಿಸಿ ಕಾರ್ಯಕ್ರಮ ಮಾಡಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಮಾರನೇ ದಿನ ಮತ್ತೆ ಕೊನೆಯ ಬೆಂಚು.

ನನ್ನ ಕಷ್ಟವನ್ನೂ ಹೇಳಿಬಿಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ಅವರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡೋಕೆ ಹೋದರೆ ನಾಲಿಗೆ ತಡವರಿಸುತ್ತದೆ. ನಮ್ಮಲ್ಲಿ ಎಷ್ಟೋ ಜನರದ್ದು ಇದೇ ಕಥೆ, ಅದಕ್ಕೇ ದೂರ ಇದ್ದುಬಿಡುತ್ತೇವೆ ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ.

ಸರಸ್ವತಿಪುರಂ ಮನೆಯಾಕೆ

ಮಗೂ, ಓದಿ ಹೊಟ್ಟೆ ಚುರುಕ್ ಅಂತು. ನಮ್ಮ ಮನೆಯ ಮಹಡಿಯಲ್ಲಿ ಎಂಟು ವರ್ಷ ಹೊರದೇಶದ ಹುಡುಗಿಯರೇ ಬಾಡಿಗೆಗೆ ಇದ್ದರು. ಮೊದಲ ಸಲ ಕೊಟ್ಟಾಗ ಅಕ್ಕಪಕ್ಕದವರು ಯಾಕೆ ತೊಂದರೆ ಮೈಮೇಲೆ ಹಾಕಿಕೊಳ್ಳುತ್ತೀರಿ ಅಂದಿದ್ದರು. ತೊಂದರೆ ಅಂತ ಆಗಿದ್ದು ಪೊಲೀಸ್ ಕಾಗದದ್ದು ಮಾತ್ರ. ಹೊರದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನಿನಲ್ಲಿ ತಿಳಿಸಬೇಕು. ಸಿ ಫಾರಂ ಅಂತಲೇ ನಾವೆಲ್ಲ ಕರೆಯುವುದು. 180 ದಿನಕ್ಕಿಂತ ಜಾಸ್ತಿ ವೀಸಾ ಇರುವವರು ದೇಶಕ್ಕೆ ಬಂದ 14 ದಿನದೊಳಗೆ ತಾವೂ ನೋಂದಣಿ ಮಾಡಿಸಬೇಕು. ಮನೆ ಓನರ್ ಆ ಫಾರಂ ಹಾಕದೆ ಸುಮ್ನೆ ಕೂತರೆ ನರಳುವುದು ಆ ಮಕ್ಕಳು. ಎಷ್ಟೋ ಜನ ಮನೆ ಕೊಡದೇ ಇರೋದು ಈ ಫಾರಂ ಹೆದರಿಕೆಗೇ. ನಿಮ್ಮಂಥ ಹುಡುಗರು ಮನೆ ಹುಡುಕುವಾಗ ಜೊತೆಗೆ ಹೋಗಿ ಓನರಿಗೆ ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ನಮ್ಮಲ್ಲಿ ಒಂದು ಇರಾನಿನ ಹುಡುಗಿ ಇದ್ದಳು. ಬಂದ ಹೊಸತರಲ್ಲಿ ಮೂರು ದಿನ ಕೆಳಗೇ ಇಳಿಯಲಿಲ್ಲ. ಓದುತ್ತಿದ್ದಾಳೆ ಅಂತ ನಾನೂ ಸುಮ್ಮನಿದ್ದೆ. ನಾಲ್ಕನೇ ದಿನ ಹೋಗಿ ನೋಡಿದರೆ ಜ್ವರ, ಬರೀ ಬಿಸ್ಕತ್ತು ತಿಂದುಕೊಂಡು ಮಲಗಿದ್ದಾಳೆ. ಯಾಕಮ್ಮಾ ಹೇಳಲಿಲ್ಲ ಅಂದರೆ, ನಿಮಗೆ ತೊಂದರೆ ಕೊಡಬಾರದು ಅಂತ ಅಂದಳು. ಅವತ್ತಿನಿಂದ ದಿನಾ ಬೆಳಗ್ಗೆ ಹಾಲು ತರುವಾಗ ಬಾಗಿಲು ತಟ್ಟುವುದನ್ನು ಅಭ್ಯಾಸ ಮಾಡಿಕೊಂಡೆ. ಅವರಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಮಾರ್ಚ್ ಬಂತು, ಅವಳ ಮನೆಯವರ ಹೊಸ ವರ್ಷ ನೌರೋಜ್. ಮಾರ್ಚ್ 20 ಅಥವಾ 21ಕ್ಕೆ ಬರುತ್ತದೆ, ನಮ್ಮ ಯುಗಾದಿಯ ಆಸುಪಾಸು. ತಟ್ಟೆಯಲ್ಲಿ ಗೋಧಿ ಮೊಳಕೆ ಬೆಳೆಸಿ, ಸೇಬು, ಬೆಳ್ಳುಳ್ಳಿ, ವಿನೆಗರ್ ಎಲ್ಲ ಜೋಡಿಸಿದ್ದಳು. ಅವರ ಭಾಷೆಯಲ್ಲಿ ಸ ಅಕ್ಷರದಿಂದ ಶುರುವಾಗುವ ಏಳು ಪದಾರ್ಥ ಇಡಬೇಕಂತೆ. ಆ ಮೊಳಕೆ ತಟ್ಟೆ ನೋಡಿ ನನಗೆ ಮದುವೆ ಮನೆಯ ಅಂಕುರದ ನೆನಪಾಯಿತು. ಆ ವರ್ಷ ಅವಳ ತಟ್ಟೆ ನಮ್ಮ ಬೇವುಬೆಲ್ಲದ ಪಕ್ಕದಲ್ಲೇ ಕೂತಿತು. ಈಗ ಅವಳ ದೇಶದಿಂದ ಫೋನ್ ಮಾಡಿದಾಗಲೂ ಮೊದಲು ಕೇಳುವುದು "ಆಂಟಿ, ಊಟ ಆಯ್ತಾ?" ಅಂತಲೇ.

ಕನ್ನಡ ಮೇಷ್ಟ್ರು, ಕುವೆಂಪುನಗರ

ನಾನು ಹೊರದೇಶದ ವಿದ್ಯಾರ್ಥಿಗಳಿಗೆ ಮಾತಾಡುವ ಕನ್ನಡ ಹೇಳಿಕೊಟ್ಟವನು, ಸುಮಾರು ಹದಿನೈದು ವರ್ಷ. ಮೇಲೆ ಅಮ್ಮ ಹೇಳಿದ "ಊಟ ಆಯ್ತಾ" ಇದೆಯಲ್ಲ, ಹೊಸಬರಿಗೆ ಅದೇ ಮೊದಲ ಗೊಂದಲ. ನಾವು ಮಾತಿಗೆ ಕೇಳುತ್ತೇವೆ. ಅವರೋ, ನಾವು ಊಟಕ್ಕೆ ಕರೆಯುತ್ತಿದ್ದೇವೆ ಅಂದುಕೊಂಡು "ಇಲ್ಲ" ಅಂತ ಹೇಳಿ ನಿಂತುಕೊಳ್ಳುತ್ತಾರೆ. ನಾವು "ಸರಿ, ಬರ್ತೀನಿ" ಅಂತ ಹೊರಟುಬಿಡುತ್ತೇವೆ. "ಬರ್ತೀನಿ" ಅಂದರೆ ಹೋಗುತ್ತೇನೆ ಅಂತ ಅರ್ಥ ಅಂದಾಗ ಒಬ್ಬ ವಿದ್ಯಾರ್ಥಿ ಪುಸ್ತಕ ಮುಚ್ಚಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದ. ಇಂಥವನ್ನು ಜೊತೆಯವರು ಬಿಡಿಸಿ ಹೇಳಬೇಕು, ಪುಸ್ತಕದಲ್ಲಿ ಸಿಗುವುದಿಲ್ಲ.

ನಿನ್ನ ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ ತಮ್ಮಾ, ಏಕೆಂದರೆ ನಿಜವಾದ ಗಂಟು ಇರುವುದು ಅಲ್ಲೇ. ತಾಂಜಾನಿಯಾದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ನಡೆಯುವುದು ಸ್ವಾಹಿಲಿಯಲ್ಲಿ. ಹೈಸ್ಕೂಲಿಗೆ ಬಂದ ಮೇಲೆ ಪಾಠವೆಲ್ಲ ಇಂಗ್ಲಿಷಿಗೆ ತಿರುಗುತ್ತದೆ. ಇಥಿಯೋಪಿಯಾದಲ್ಲೂ ಮಕ್ಕಳು ಮೊದಲು ತಮ್ಮ ಸೀಮೆಯ ಭಾಷೆಯಲ್ಲಿ ಓದುತ್ತಾರೆ, ಆಮೇಲೆ ಇಂಗ್ಲಿಷ್. ಯೆಮನ್‌ನಲ್ಲಿ ಶಾಲೆ ಅರಬ್ಬಿಯಲ್ಲಿ. ಅಂದರೆ ನಿನಗೆ ಪಿಯುಸಿಯಲ್ಲಿ ಆದ ಕಷ್ಟವೇ ಅವರಿಗೂ ಆಗಿದೆ. ಅವರ ಮನೆಯಲ್ಲೂ ಇಂಗ್ಲಿಷ್ ಮಾತಾಡುವವರು ಇರಲಿಕ್ಕಿಲ್ಲ. ನಿನ್ನ ತಪ್ಪು ಇಂಗ್ಲಿಷ್ ಕೇಳಿದರೆ ಅವರಿಗೆ ಸಮಾಧಾನವೇ ಆಗುತ್ತದೆ, ಬೇಕಾದರೆ ನಿನ್ನ ಕನ್ನಡ ಮೀಡಿಯಂ ಕಥೆಯನ್ನೇ ಮೊದಲು ಹೇಳಿ ನೋಡು.

ಯೆಮನ್‌ನವರ ಜೊತೆ ಒಂದು ಕೆಲಸ ಮಾಡು. ಕುರ್ಚಿ ತೋರಿಸಿ "ಕುರ್ಚಿ" ಅನ್ನು. ಖಾಲಿ, ಬಾಕಿ, ಹಾಜರಿ, ಅರ್ಜಿ, ತಾರೀಖು, ಇವನ್ನೂ ಹೇಳು. ಇವೆಲ್ಲ ಅರಬ್ಬಿ ಮೂಲದ ಮಾತುಗಳು, ಪಾರಸಿ ದಾರಿಯಾಗಿ ನಮ್ಮ ಕಚೇರಿಗಳಿಗೆ ಬಂದು ಊರೊಳಗೆ ಸೇರಿಕೊಂಡಂಥವು. ನನ್ನ ಕ್ಲಾಸಿನಲ್ಲಿ ಅರಬ್ಬಿ ಬಲ್ಲವರು ಈ ಪಾಠಕ್ಕೆ ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಅಲ್ಲಿಯವರೆಗೆ ಕಿವಿಗೆ ಬರೀ ಸದ್ದಾಗಿದ್ದ ಭಾಷೆಯಲ್ಲಿ ತಮ್ಮ ಮನೆಯ ಮಾತು ಸಿಕ್ಕಿತಲ್ಲ, ಅದಕ್ಕೆ.

ಭಾರತೀಯ ಭಾಷಾ ಸಂಸ್ಥಾನ 1969ರಿಂದ ಮೈಸೂರಿನಲ್ಲೇ ಇದೆ, ಭಾಷೆ ಕಲಿಸುವುದನ್ನೇ ಕಸುಬು ಮಾಡಿಕೊಂಡವರ ಊರು ಇದು. ಆದರೂ ಹೇಳುತ್ತೇನೆ, ಕ್ಲಾಸಿನಲ್ಲಿ ನಾನು ಮೂರು ತಿಂಗಳು ಕಲಿಸಿದ್ದಕ್ಕಿಂತ ಒಬ್ಬ ಗೆಳೆಯ ದೇವರಾಜ ಮಾರ್ಕೆಟ್ಟಿನಲ್ಲಿ ಜೊತೆಗೆ ನಿಂತು ಎರಡು ಶನಿವಾರ ತರಕಾರಿ ಕೊಳ್ಳಲು ಬಿಟ್ಟರೆ ಜಾಸ್ತಿ ಬರುತ್ತದೆ. ಅವರೇ ಕೇಳಲಿ, ಅವರೇ ಚೌಕಾಸಿ ಮಾಡಲಿ. ನೀನು ಪಕ್ಕದಲ್ಲಿರು ಅಷ್ಟೆ.

ರಿಸರ್ಚ್ ಸ್ಕಾಲರ್ ಅಕ್ಕ

ಮೇಷ್ಟ್ರು ಹೇಳಿದ್ದು ಸರಿ. ನನ್ನ ಲ್ಯಾಬಿನಲ್ಲಿ ಆಫ್ರಿಕಾದ ಇಬ್ಬರು ಇದ್ದಾರೆ, ಅವರ ಜೊತೆ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅದಕ್ಕೇ ಕೆಲವು ಮಾತು ನೇರವಾಗಿ ಹೇಳುತ್ತೇನೆ.

ಕೇಳದೆ ಕೂದಲು ಮುಟ್ಟುವುದು, ಗುರುತೇ ಇಲ್ಲದವರು ಬಂದು ಸೆಲ್ಫಿ ಕೇಳುವುದು, ಬೈಕಿನಲ್ಲಿ ಹೋಗುತ್ತಾ ಬಣ್ಣ ಹಿಡಿದು ಕೂಗುವುದು, ಆಟೋದವರು ಎರಡರಷ್ಟು ಕೇಳುವುದು, ಇದೆಲ್ಲ ಅವರಿಗೆ ವಾರವಾರವೂ ಆಗುತ್ತದೆ. ಅವರು ಹೇಳಿಕೊಳ್ಳುವುದಿಲ್ಲ. ಯಾರೋ ಕೂಗಿದಾಗ ನೀವು ಜೊತೆಯಲ್ಲಿದ್ದರೆ ನೆಲ ನೋಡಿಕೊಂಡು ನಡೆಯಬೇಡಿ, ನಿಂತು ಕೇಳಿ. ಕನ್ನಡದಲ್ಲಿ ಕೇಳಿ. ನನ್ನ ಲ್ಯಾಬ್‌ಮೇಟ್ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಸಿಟಿ ಬಸ್ಸಿನಲ್ಲಿ ಒಬ್ಬರು ಅಜ್ಜಿ ತನ್ನ ಪರವಾಗಿ ಜಗಳ ಆಡಿದ್ದನ್ನು. ಅಜ್ಜಿ ಏನಂದರು ಅಂತ ಅವಳಿಗೆ ಒಂದಕ್ಷರ ಅರ್ಥವಾಗಿರಲಿಲ್ಲ.

ಆ ಹುಡುಗಿ ವಿಷಯದಲ್ಲಿ, ಹುಡುಗರೆಲ್ಲ ಒಟ್ಟಿಗೆ ಹೋಗಿ ಮಾತಾಡಿಸಬೇಡಿ ತಮ್ಮಾ. ಕ್ಲಾಸಿನ ಒಬ್ಬಳು ಹುಡುಗಿಗೆ ಹೇಳು, ಲ್ಯಾಬಿನಲ್ಲಿ ಅವಳನ್ನು ಜೊತೆ ಮಾಡಿಕೊಳ್ಳಲಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ, ಅವತ್ತು ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ನಮ್ಮಲ್ಲಿ ಸೋಮವಾರ, ಶನಿವಾರ ಹಿಡಿಯುವ ಹಾಗೆಯೇ. ಅವಳೂ ಹಿಡಿಯುತ್ತಾಳೋ ಏನೋ, ಕೇಳಿ ತಿಳಿದುಕೊಳ್ಳಲಿ. ಅವತ್ತು ಅವಳಿಗೆ ತುಪ್ಪ ಹಾಕದ ದೋಸೆ ಕೊಡಿಸಿ ನೋಡಿ. ಅವರ ಇಂಜೆರಾ ಕೂಡ ಹಿಟ್ಟು ಹುಳಿ ಬರಿಸಿ ಹುಯ್ಯುವುದೇ, ಟೆಫ್ ಅನ್ನುವ ಸಣ್ಣ ಕಾಳಿನದು.

ಯೆಮನ್‌ನವರು ದೂರ ಇರುತ್ತಾರೆ ಅಂತ ತಪ್ಪು ತಿಳಿಯಬೇಡಿ. 2014ರಿಂದ ಯುದ್ಧ ಕಂಡ ದೇಶ ಅದು. ಮನೆಯಿಂದ ದುಡ್ಡು ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ ಗೊತ್ತಿರುವುದಿಲ್ಲ, ಸ್ಟೂಡೆಂಟ್ ವೀಸಾದಲ್ಲಿ ಇಲ್ಲಿ ಕೆಲಸಕ್ಕೆ ಸೇರುವ ಹಾಗೂ ಇಲ್ಲ. ಕ್ಯಾಂಟೀನಿಗೆ ಬರದೇ ಇರೋದಕ್ಕೆ ಅದೂ ಕಾರಣ ಇರಬಹುದು. ಫೀಸ್ ಕಟ್ಟುವ ಕೊನೆಯ ದಿನ ಹತ್ತಿರ ಬಂದಾಗ ಗೈಡ್ ಹತ್ತಿರ, ಆಫೀಸ್ ಹತ್ತಿರ ಅವರ ಜೊತೆ ನಡೆದು ಹೋಗಿ. ಕೌಂಟರಿನಲ್ಲಿ ಕನ್ನಡದಲ್ಲಿ ಎರಡು ಮಾತಾಡಿದರೆ ಆಗುವ ಕೆಲಸಕ್ಕೆ ಅವರು ಮೂರು ಸಲ ಅಲೆಯುತ್ತಿರುತ್ತಾರೆ.

ಇನ್ನು ವಾಟ್ಸಾಪ್ ಗ್ರೂಪು. ಕನ್ನಡದಲ್ಲಿ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿ. ಇವತ್ತೇ ಶುರು ಮಾಡಿ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ.

ವಿ.ಸಿ. ಫಾರಂ ಹತ್ತಿರದವನು

ಪಾಂಡವಪುರ ಅಂದೆಯಲ್ಲ, ನಿಮ್ಮ ಮನೆಯಲ್ಲಿ ರಾಗಿ ಇದೆಯಾ? ಇದ್ದರೆ ತಾಂಜಾನಿಯಾದ ಹುಡುಗನನ್ನು ಹೊಲಕ್ಕೆ ಕರೆದುಕೊಂಡು ಹೋಗು.

ರಾಗಿ ಮೂಲದಲ್ಲಿ ನಮ್ಮದಲ್ಲ, ಪೂರ್ವ ಆಫ್ರಿಕಾದ ಬೆಟ್ಟದ ಸೀಮೆಯದು, ಇಥಿಯೋಪಿಯಾ, ಉಗಾಂಡಾ ಕಡೆಯದು. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂತು. ಸ್ವಾಹಿಲಿಯಲ್ಲಿ ಅದಕ್ಕೆ ಉಲೇಜಿ ಅನ್ನುತ್ತಾರೆ, ಅದರ ಗಂಜಿ ಅಲ್ಲಿ ಇವತ್ತಿಗೂ ಮಕ್ಕಳಿಗೆ ಕುಡಿಸುತ್ತಾರೆ. ಇನ್ನೊಂದು ವಿಷಯ ನಮ್ಮ ಮಂಡ್ಯದ್ದೇ. ನಮ್ಮ ಅಪ್ಪಂದಿರು ಇಂಡಾಫ್ ರಾಗಿ ಅಂತ ಬಿತ್ತುತ್ತಿದ್ದರಲ್ಲ, ಆ ಹೆಸರು ಹೇಗೆ ಬಂತು ಗೊತ್ತಾ? ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ತೆಗೆದ ತಳಿಗಳು ಅವು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ಅದರಲ್ಲಿ ಅಡ್ಡತಳಿ ಮಾಡುವುದು ಎಷ್ಟು ತಾಳ್ಮೆಯ ಕೆಲಸ ಯೋಚಿಸು. ಆ ತಳಿಗಳಿಂದ ಎಷ್ಟೋ ಮನೆಗಳ ಕಣಜ ತುಂಬಿತು. ಅವನ ದೇಶದ ಕಡೆಯ ಕಾಳಿಗೆ ನಮ್ಮ ಜಿಲ್ಲೆ ಋಣಿ ಅಂತ ಅವನಿಗೆ ಹೇಳು.

ಪಾಂಡವಪುರದವನು

ಎರಡು ವಾರ ಆಯಿತು, ಏನಾಯಿತು ಅಂತ ಹೇಳೋಕೆ ಬಂದೆ. ಎಲ್ಲರಿಗೂ ಥ್ಯಾಂಕ್ಸ್.

ಗ್ರೂಪಿನಲ್ಲಿ ಈಗ ಎರಡೂ ಭಾಷೆಯಲ್ಲಿ ಹಾಕುತ್ತಿದ್ದೇವೆ. ಅಕ್ಕ ಹೇಳಿದ ಹಾಗೆ ನಮ್ಮ ಕ್ಲಾಸಿನ ಒಬ್ಬಳಿಗೆ ಹೇಳಿದೆ, ಇಬ್ಬರೂ ಈಗ ಒಂದೇ ಬೆಂಚಿನಲ್ಲಿ ಲ್ಯಾಬ್ ಮಾಡುತ್ತಾರೆ. ಬುಧವಾರ, ಶುಕ್ರವಾರದ ಉಪವಾಸ ಅವಳಿಗೂ ಇದೆಯಂತೆ. ಈ ವರ್ಷದಲ್ಲಿ ಒಂದೆರಡು ಸಲ ನಾವು ಅವಳಿಗೆ ಮೊಸರನ್ನ ಕೊಡಿಸೋಕೆ ನೋಡಿದ್ದು ಶುಕ್ರವಾರಗಳಂದೇ ಅಂತ ಆಮೇಲೆ ಗೊತ್ತಾಯಿತು.

ತಾಂಜಾನಿಯಾದ ಗೆಳೆಯನನ್ನು ಭಾನುವಾರ ಊರಿಗೆ ಕರೆದುಕೊಂಡು ಹೋಗಿದ್ದೆ. ನಮ್ಮದು ಕಬ್ಬು ಜಾಸ್ತಿ, ಮನೆ ಮಟ್ಟಿಗೆ ಅರ್ಧ ಎಕರೆ ರಾಗಿ, ಈಗಷ್ಟೇ ತೆನೆ ಕಟ್ಟುತ್ತಿದೆ. ಬದುವಿನ ಮೇಲೆ ನಿಂತು ಒಂದು ತೆನೆಯನ್ನು ಅಂಗೈಯಲ್ಲಿ ಹಿಡಿದು "ಉಲೇಜಿ" ಅಂದ. ನಮ್ಮಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಸೇರಿ ಗದ್ದೆ ತೋಟ ಎಲ್ಲ ಸುತ್ತಿ ಒಂದೂವರೆ ಗಂಟೆ ಆದ ಮೇಲೆ ಬಂದರು.

ಊಟಕ್ಕೆ ಮುದ್ದೆ, ನಾಟಿಕೋಳಿ ಸಾರು. ಮುದ್ದೆ ನುಂಗಬೇಕು, ಅಗಿಯಬಾರದು ಅಂತ ಅಮ್ಮ ಕೈಸನ್ನೆ ಮಾಡಿ ತೋರಿಸಿದಳು. ಅವನು ಒಂದು ಸಲ ನುಂಗಿ, ಆಮೇಲೆ ಅವರ ಕಡೆಯ ರೀತಿ ತೋರಿಸಿದ. ಅವರಲ್ಲಿ ಮುಸುಕಿನ ಜೋಳದ ಹಿಟ್ಟಿನ ಉಗಾಲಿ ಅಂತ ಮಾಡುತ್ತಾರೆ, ಮುದ್ದೆ ಥರವೇ. ತುತ್ತು ಮುರಿದು ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಆ ಗುಳಿಯಲ್ಲಿ ಸಾರು ಎತ್ತಿಕೊಂಡು ತಿನ್ನುತ್ತಾರೆ. ನಮ್ಮ ತಂಗಿ ಈಗ ಹಾಗೇ ತಿನ್ನುತ್ತಾಳಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಅವನು ಸ್ವಾಹಿಲಿಯಲ್ಲಿ ಓದಿದ ಕಥೆ, ನಾನು ಕನ್ನಡದಲ್ಲಿ ಓದಿದ ಕಥೆ ವಾಪಸ್ ಬರುವ ಬಸ್ಸಿನಲ್ಲಿ ಮಾತಾಡಿಕೊಂಡೆವು. ಶ್ರೀರಂಗಪಟ್ಟಣ ದಾಟಿದ್ದೇ ಗೊತ್ತಾಗಲಿಲ್ಲ.

ದಸರಾ ರಜೆಗೆ ನಮ್ಮ ಹಾಸ್ಟೆಲ್ ಮೆಸ್ ಮುಚ್ಚುತ್ತದೆ, ಹೋದ ವರ್ಷ ಆ ದಿನಗಳಲ್ಲಿ ಇವರು ಏನು ತಿಂದರು ಅಂತ ನಾವ್ಯಾರೂ ಯೋಚನೆ ಮಾಡಿರಲಿಲ್ಲ. ಈ ಸಲ ಮೂವರನ್ನೂ ಊರಿಗೆ ಕರೆದಿದ್ದೇನೆ, ಆ ಹುಡುಗಿಯ ಲ್ಯಾಬ್ ಜೊತೆಗಾತಿಯೂ ಬರುತ್ತಾಳೆ. ಯೆಮನ್‌ನವರು ಎರಡು ದಿನ ಯೋಚನೆ ಮಾಡಿ ನಿನ್ನೆ ಬರುತ್ತೇನೆ ಅಂದರು. ಅವರಿಗೆ ಹಲಾಲ್ ಮಾಡಿದ ಕೋಳಿಯೇ ಆಗಬೇಕು. ಪಾಂಡವಪುರದಲ್ಲಿ ಎಲ್ಲಿ ಸಿಗುತ್ತದೆ, ಆ ಕಡೆಯವರು ಯಾರಾದರೂ ಇದ್ದರೆ ತಿಳಿಸಿ.